ಔಷಧ ನಿರೋಧವನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಕಲಿಸುವ ಕ್ರಮ

ದಾವಣಗೆರೆಯ ಬಿ.ಎಸ್ಸಿ. ಅಥವಾ ಬಿ.ಫಾರ್ಮಾ ತರಗತಿಗೆ ಔಷಧವು ಕಿಣ್ವಕ್ಕೆ ಅಂಟಿಕೊಳ್ಳುವುದನ್ನೂ (ಔಷಧ ಬಂಧನ), ಕಿಣ್ವ ಬದಲಾಗಿ ಔಷಧ ನಾಟದಂತಾಗುವುದನ್ನೂ (ಔಷಧ ನಿರೋಧ) ಕಲಿಸಲು ಕಾಲೇಜಿನ ಸಾಧಾರಣ ಕಂಪ್ಯೂಟರುಗಳೇ ಸಾಕು. ಡಾಕಿಂಗ್‌ಗೆ, ಅಂದರೆ ಔಷಧದ ಅಣು ಕಿಣ್ವದ ಕುಳಿಯಲ್ಲಿ ಹೇಗೆ ಕೂರುತ್ತದೆಂದು ಲೆಕ್ಕ ಹಾಕಲು, ಆಟೋಡಾಕ್ ವಿನಾ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪ್ರೋಟೀನ್ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನಿಂದ 1ಎಚ್‌ಎಸ್‌ಜಿ ಎಂಬ ಕಡತವನ್ನು ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಹಂಚಿಬಿಟ್ಟರೆ, ಇಂಟರ್‌ನೆಟ್ ಕೈಕೊಟ್ಟರೂ ಪಾಠ ನಿಲ್ಲುವುದಿಲ್ಲ. ಎಚ್‌ಐವಿ ವೈರಸ್ಸಿನ ಪ್ರೋಟೀನುಗಳನ್ನು ಕತ್ತರಿಸುವ ಪ್ರೋಟಿಯೇಸ್ ಕಿಣ್ವಕ್ಕೆ ಇಂಡಿನಾವಿರ್ ಔಷಧ ಅಂಟಿಕೊಂಡಿರುವ ರಚನೆ ಇದು.

ಮೊದಲು ಔಷಧವನ್ನು ಹೊರತೆಗೆಸಿ, ಮತ್ತೆ ಅದೇ ಕುಳಿಯಲ್ಲಿ ಡಾಕ್ ಮಾಡಿಸಬೇಕು. ಬಂದ ಭಂಗಿಯು ಸ್ಫಟಿಕದಲ್ಲಿ ಕಂಡ ಭಂಗಿಯಿಂದ 2 ಆಂಗ್‌ಸ್ಟ್ರಾಮ್ (ಅಣುಗಳನ್ನು ಅಳೆಯುವ ಅತಿ ಚಿಕ್ಕ ಮಾನ) ಒಳಗೆ ಇಲ್ಲದಿದ್ದರೆ ಮುಂದಿನ ಹೆಜ್ಜೆಗೆ ಅರ್ಥವಿಲ್ಲ. ನೀರಿನ ಅಣುಗಳನ್ನೆಲ್ಲ ಅಳಿಸುವುದು ಎಲ್ಲರ ರೂಢಿ. ಆದರೆ ಕಿಣ್ವದ ಕುಳಿಯನ್ನು ಮುಚ್ಚುವ ಎರಡು ರೆಪ್ಪೆಯಂಥ ಭಾಗಗಳನ್ನೂ ಔಷಧವನ್ನೂ ಹೈಡ್ರೋಜನ್ ಬಂಧಗಳಿಂದ ಜೋಡಿಸುವ ಒಂದು ನೀರಿನ ಅಣು ಇಲ್ಲಿದೆ. ಅದನ್ನು ಇಟ್ಟು ಒಮ್ಮೆ, ತೆಗೆದು ಒಮ್ಮೆ ಲೆಕ್ಕ ಹಾಕಿಸುವುದು ಒಳ್ಳೆಯದು.

ಆಮೇಲೆ ಔಷಧ ನಿರೋಧ ತರುವ ಒಂದು ಬದಲಾವಣೆ: ಕಿಣ್ವದ 82ನೆಯ ಅಮಿನೋ ಆಮ್ಲವಾದ ವ್ಯಾಲಿನ್ ಅನ್ನು ವಿದ್ಯಾರ್ಥಿಗಳು ಅಲನಿನ್ ಆಗಿ ಬದಲಿಸಲಿ. ಈ ಕಿಣ್ವವು ತಲಾ 99 ಅಮಿನೋ ಆಮ್ಲಗಳ ಎರಡು ಒಂದೇ ಬಗೆಯ ಸರಪಳಿಗಳಿಂದಾದದ್ದು. ಆದ್ದರಿಂದ ಬದಲಾವಣೆಯನ್ನು ಎರಡರಲ್ಲೂ ಮಾಡಬೇಕು, ಮರೆಯುವುದು ಸುಲಭ. ಲೆಕ್ಕ ಹಾಕುವ ಮುನ್ನ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದಿಡಲಿ: ಅಮಿನೋ ಆಮ್ಲದ ಪಕ್ಕಕ್ಕೆ ಚಾಚಿದ ಭಾಗವಾದ ಪಾರ್ಶ್ವ ಗುಂಪು ಚಿಕ್ಕದಾದಾಗ ಔಷಧಕ್ಕೆ ಅಡ್ಡಿಯಾಗುವುದೋ, ಆಸರೆ ತಪ್ಪುವುದೋ?

ಇಲ್ಲಿಯೇ ಅಂಕಿಗಳ ಮೋಹ ಶುರುವಾಗುತ್ತದೆ. ಬಂಧದ ಬಲ 10 ಪಟ್ಟು ಕುಗ್ಗುವುದೆಂದರೆ ಕೊಠಡಿಯ ಉಷ್ಣತೆಯಲ್ಲಿ ಮೋಲ್‌ಗೆ ಸುಮಾರು 1.4 ಕಿಲೋಕ್ಯಾಲೊರಿ ವ್ಯತ್ಯಾಸ ಮಾತ್ರ. ವಿನಾವನ್ನು ರೂಪಿಸಿದವರೇ ಹೇಳಿರುವ ಅದರ ಲೆಕ್ಕದ ದೋಷ ಅದೇ ಮಾನದಲ್ಲಿ ಸುಮಾರು 2.85. ಹೀಗಾಗಿ ವಿನಾದ ಲೆಕ್ಕದಲ್ಲಿ ಬಂಧದ ಬಲ ಅಲ್ಪಸ್ವಲ್ಪ ಕುಗ್ಗಿದರೆ 'ನಿರೋಧ ಸಾಬೀತಾಯಿತು' ಎಂದು ಬರೆಯುವ ವಿದ್ಯಾರ್ಥಿಗೆ ನಾನಾದರೆ ಅಂಕ ಕೊಡುವುದಿಲ್ಲ. ಕಳೆದುಹೋದ ಸಂಪರ್ಕಗಳನ್ನು ಚಿತ್ರದಲ್ಲಿ ತೋರಿಸಿ ವಿವರಿಸಿದವರಿಗೆ ಕೊಡಬೇಕು.

ಹೋಲಿಕೆಗೆ ರಕ್ತದ ಕ್ಯಾನ್ಸರಿಗೆ ಸಂಬಂಧಿಸಿದ ಎಬಿಎಲ್ ಕೈನೇಸ್ ಕಿಣ್ವ ಮತ್ತು ಅದನ್ನು ತಡೆಯುವ ಇಮಾಟಿನಿಬ್ ಔಷಧದ ಜೋಡಿಯನ್ನು ತೆಗೆದುಕೊಳ್ಳಬಹುದು. ಅಲ್ಲಿ 315ನೆಯ ಥ್ರಿಯೊನಿನ್ ಐಸೊಲ್ಯೂಸಿನ್ ಆದಾಗ ಒಂದು ಹೈಡ್ರೋಜನ್ ಬಂಧ ತಪ್ಪುವುದಲ್ಲದೆ ಔಷಧದ ದಾರಿಗೂ ಅಡ್ಡ ಬರುತ್ತದೆ. ಕೊನೆಯ ವರದಿಯಲ್ಲಿ ಒಂದು ಪ್ರಶ್ನೆ ಕಡ್ಡಾಯವಾಗಿರಲಿ: ಔಷಧವನ್ನು ದೂರವಿಟ್ಟ ಕಿಣ್ವವು ತನ್ನ ನಿತ್ಯದ ಕೆಲಸವನ್ನು ಹೇಗೆ ಉಳಿಸಿಕೊಂಡಿತು?