ರೆಕ್ಕೆಯ ಬುಡದ ಆ ಮೂಲೆ: ವಿಮಾನದ ಸಿಮ್ಯುಲೇಶನ್‌ನಲ್ಲಿ ನನ್ನ ಅನುಭವ

ಪ್ರಯಾಣಿಕ ವಿಮಾನದ ಸುತ್ತ ಹರಿಯುವ ಗಾಳಿಯನ್ನು ಲೆಕ್ಕ ಹಾಕಲು ನಾನು ಆರಿಸಿಕೊಂಡದ್ದು ನಾಸಾದ ಕಾಮನ್ ರಿಸರ್ಚ್ ಮಾಡೆಲ್. ಸುಮಾರು 58.8 ಮೀಟರ್ ರೆಕ್ಕೆಹರವಿನ ಈ ವಿನ್ಯಾಸ ಯಾವ ಕಂಪನಿಯ ವಿಮಾನವೂ ಅಲ್ಲ. ಅದರ ಆಕಾರವೂ ವಿಂಡ್ ಟನೆಲ್ (ಮಾದರಿಯ ಮೇಲೆ ಗಾಳಿ ಹಾಯಿಸಿ ನೋಡುವ ಸುರಂಗ) ಅಳತೆಗಳೂ ಎಲ್ಲರಿಗೂ ಮುಕ್ತ. ಒರೆಗೆ ಹಚ್ಚಲು ಅಳತೆಯೇ ಇಲ್ಲದಿದ್ದರೆ ನಮ್ಮ ಕೈಲಿ ಉಳಿಯುವುದು ಬಣ್ಣದ ಚಿತ್ರ ಮಾತ್ರ.

ಹರಿವಿನ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಸಾಲ್ವರ್ ಎಸ್‌ಯು2. ಗಾಳಿಯ ಸಣ್ಣ ಸುಳಿಗಳ ಗೊಂದಲವನ್ನು ಅಂದಾಜಿಸುವ ಟರ್ಬುಲೆನ್ಸ್ ಮಾಡೆಲ್ ಸ್ಪಲಾರ್ಟ್-ಆಲ್ಮರಾಸ್. ಮ್ಯಾಕ್ 0.85, ಅಂದರೆ ಶಬ್ದದ ವೇಗದ 0.85 ಪಟ್ಟು; ರೆನಾಲ್ಡ್ಸ್ ಸಂಖ್ಯೆ (ಗಾಳಿಯ ಓಟದ ಬಲಕ್ಕೂ ಅದರ ಅಂಟುತನಕ್ಕೂ ಇರುವ ಅನುಪಾತ) 50 ಲಕ್ಷ. ಎಡಬಲ ಒಂದೇ ಆದ್ದರಿಂದ ಅರ್ಧ ವಿಮಾನ ಸಾಕು. ವಿಮಾನವನ್ನು ಎತ್ತುವ ಬಲದ ಅಳತೆಯಾದ ಲಿಫ್ಟ್ ಗುಣಾಂಕವನ್ನು 0.5ಕ್ಕೆ ಕಟ್ಟಿಹಾಕಿ, ವಿಮಾನ ಗಾಳಿಗೆ ಎದುರಾಗುವ ಕೋನವನ್ನು ಸಾಲ್ವರೇ ಹುಡುಕಿಕೊಳ್ಳಲಿ ಎಂದು ಬಿಟ್ಟೆ. ಕೋನ ಹಿಡಿದು ಡ್ರ್ಯಾಗ್ (ಗಾಳಿಯ ಎಳೆತ) ಹೋಲಿಸಿದರೆ ಲಿಫ್ಟ್‌ನ ವ್ಯತ್ಯಾಸವೂ ಅದರೊಳಗೆ ಸೇರಿಬಿಡುತ್ತದೆ.

ಹೆಚ್ಚು ಹೊತ್ತು ತಿಂದದ್ದು ಮೆಶ್, ಅಂದರೆ ಗಾಳಿಯ ಜಾಗವನ್ನು ಲೆಕ್ಕಕ್ಕಾಗಿ ಪುಟ್ಟ ಕೋಶಗಳಾಗಿ ಒಡೆದ ಬಲೆ. ವಿಮಾನದ ಮೈಗೆ ತಾಗಿದ ಗಾಳಿ ಮೈಯೊಂದಿಗೇ ಅಂಟಿರುತ್ತದೆ. ಅಲ್ಲಿಂದ ಹೊರಗಿನ ವೇಗಕ್ಕೆ ಏರುವುದೆಲ್ಲ ತೆಳುವಾದ ಬೌಂಡರಿ ಲೇಯರಿನೊಳಗೆ. ಸರಾಸರಿ 7 ಮೀಟರ್ ಕಾರ್ಡ್‌ಗೆ (ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲ) ಮೈಗೆ ತಾಗಿದ ಮೊದಲ ಕೋಶದ ಎತ್ತರ ಸುಮಾರು 0.04 ಮಿಲಿಮೀಟರ್ ಇಟ್ಟೆ. ಹಾಗಿದ್ದರೆ ವೈ-ಪ್ಲಸ್, ಅಂದರೆ ಆ ಎತ್ತರವನ್ನು ಬೌಂಡರಿ ಲೇಯರಿನ ಅಳತೆಗೋಲಿನಲ್ಲಿ ಹೇಳುವ ಸಂಖ್ಯೆ, 1ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಡ್ರ್ಯಾಗ್ ಗುಣಾಂಕದಲ್ಲಿ 0.0001, ಅಂದರೆ ಒಂದು ಕೌಂಟ್, ಕೂಡ ಲೆಕ್ಕಕ್ಕೆ ಬರುವ ಕೆಲಸವಿದು. ಇಲ್ಲಿ ಜಿಪುಣತನ ಮಾಡಬಾರದು.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ರೆಕ್ಕೆಯೂ ಒಡಲೂ ಕೂಡುವ ಮೂಲೆ. ಎರಡೂ ಮೈಗಳ ಬೌಂಡರಿ ಲೇಯರ್ ಅಲ್ಲಿ ಒಂದಾಗುತ್ತವೆ; ರೆಕ್ಕೆಯ ಹಿಂಬದಿ ಅಂಚಿನ ಹತ್ತಿರ ಒತ್ತಡ ಏರುತ್ತಿದ್ದಂತೆ ಸುಸ್ತಾದ ಗಾಳಿ ಮೈಬಿಟ್ಟು ಹಿಂದಕ್ಕೆ ಸುತ್ತುತ್ತದೆ. ಮೈಮೇಲಿನ ಹರಿವಿನ ಗೆರೆಗಳನ್ನು ಚಿತ್ರ ಬಿಡಿಸುವ ಪ್ಯಾರಾವ್ಯೂ ತಂತ್ರಾಂಶದಲ್ಲಿ ಎಳೆದಾಗ ಆ ಸುಳಿ ಕಂಡಿತು. ಕೋನ ಏರಿಸಿದಂತೆ ಅದು ಅತಿಯಾಗಿ ಹಿಗ್ಗಿ ಲಿಫ್ಟನ್ನೇ ನುಂಗತೊಡಗಿತು. ಮೂಲ ಮಾಡೆಲ್ ಟರ್ಬುಲೆನ್ಸ್ ಒತ್ತಡವನ್ನು ಹರಿವಿನ ವೇಗಭೇದಕ್ಕೆ ನೇರ ಅನುಪಾತದಲ್ಲಿ ಕಟ್ಟುತ್ತದೆ. ಮೂಲೆಯೊಳಕ್ಕೆ ವೇಗದ ಗಾಳಿಯನ್ನು ತಳ್ಳುವ ಸಣ್ಣ ಅಡ್ಡಸುಳಿಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. ಮಾಡೆಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಪಲಾರ್ಟ್ 2000ರಲ್ಲಿ ಕೊಟ್ಟ, ಆ ನೇರ ಅನುಪಾತವನ್ನು ಸಡಿಲಿಸುವ ಕ್ಯೂಸಿಆರ್ ತಿದ್ದುಪಡಿ ಸೇರಿಸಿ ಮತ್ತೆ ಓಡಿಸಿದೆ, ಸುಳಿ ಕುಗ್ಗಿತು. ಮೆಶ್ ಎಷ್ಟೇ ನುಣುಪಾಗಿಸಿದರೂ ಇದು ಸರಿಹೋಗುತ್ತಿರಲಿಲ್ಲ.

ತಪ್ಪಿನಲ್ಲಿ ಮೆಶ್‌ನ ಪಾಲು ಎಷ್ಟೆಂದು ತಿಳಿಯಲು ಒಂದೇ ಕುಟುಂಬದ ದೊರಗು, ಮಧ್ಯಮ, ನುಣುಪು ಮೆಶ್‌ಗಳಲ್ಲಿ ಡ್ರ್ಯಾಗ್ ನೋಡಬೇಕು. ಕೋಶಗಳ ಸಂಖ್ಯೆಯ -2/3 ಘಾತದ ಎದುರು ಬಿಂದುಗಳು ಹೆಚ್ಚುಕಡಿಮೆ ನೇರ ಗೆರೆಗೆ ಬಂದರೆ ಮಾತ್ರ ನಾನು ಆ ಸಂಖ್ಯೆಯನ್ನು ನಂಬುತ್ತೇನೆ.

ಇಷ್ಟಾದರೂ ರೆಕ್ಕೆತುದಿಯ ಕಡೆ ಒತ್ತಡದ ರೇಖೆ ಟನೆಲ್ ಅಳತೆಗಿಂತ ಬೇರೆಯೇ ಇತ್ತು. ಟನೆಲ್‌ನಲ್ಲಿ ಗಾಳಿಯ ಭಾರಕ್ಕೆ ಮಾದರಿಯ ರೆಕ್ಕೆ ಬಾಗಿ ತಿರುಚಿಕೊಳ್ಳುತ್ತದೆ, ತುದಿಯ ಕೋನ ಇಳಿಯುತ್ತದೆ. ಡ್ರ್ಯಾಗ್ ಲೆಕ್ಕಗಳನ್ನು ಹಲವರು ಹೋಲಿಸಿ ನೋಡುವ 2016ರ ಡ್ರ್ಯಾಗ್ ಪ್ರೆಡಿಕ್ಷನ್ ವರ್ಕ್‌ಶಾಪ್‌ಗೆ ಅಳೆದ ತಿರುಚುವಿಕೆ ಸೇರಿಸಿದ ಆಕಾರಗಳನ್ನೇ ಕೊಟ್ಟಿದ್ದರು. ಅವನ್ನು ಬಳಸಿದ ಮೇಲೆ ತುದಿಯ ರೇಖೆ ಅಳತೆಯ ಬಿಂದುಗಳಿಗೆ ಹತ್ತಿರ ಬಂತು.