ತೋಟದ ಮನೆಯ ವೈಫೈ: ಯಾರು ಯಾವ ಜಾಲದಲ್ಲಿ ಇರಬೇಕು?

ಕೊಡಗಿನ ಅನೇಕ ಹೋಂಸ್ಟೇಗಳಲ್ಲಿ ವೈಫೈ ಪಾಸ್‌ವರ್ಡನ್ನು ಊಟದ ಹಾಲ್‌ನ ಗೋಡೆಗೇ ಅಂಟಿಸಿರುತ್ತಾರೆ. ಮನೆಯವರ ಮೊಬೈಲು, ರೈಟರ್ ಕೂರುವ ಆಫೀಸಿನ ಕಂಪ್ಯೂಟರು, ಕಾಫಿ ಕಣ ನೋಡಿಕೊಳ್ಳುವ ಕ್ಯಾಮೆರಾ, ಟೀವಿ ಎಲ್ಲವೂ ಅದೇ ಪಾಸ್‌ವರ್ಡಿನಲ್ಲಿ ಓಡುತ್ತಿರುತ್ತವೆ. ವಾರಾಂತ್ಯಕ್ಕೆ ಬಂದ ಅತಿಥಿಯ ಫೋನೂ ಅಲ್ಲೇ. ನೆಟ್ ನಿಧಾನವಾಯಿತೆಂದು ದುಬಾರಿ ಪ್ಲಾನ್ ಹಾಕಿಸುವ, ನಾಲ್ಕಾರು ಆಂಟೆನಾದ ರೂಟರ್ ತರುವ ಮುಂಚೆ ಈ ಕಲಸುಮೇಲೋಗರವನ್ನು ಬಿಡಿಸುವುದು ಒಳ್ಳೆಯದು. ಅರ್ಧ ಕೆಲಸಕ್ಕೆ ಕಾಸೂ ಬೇಡ.

ಮೊದಲು ಹಾಜರಿ

ತೋಟದಲ್ಲಿ ಬೆಳಿಗ್ಗೆ ಹಾಜರಿ ತೆಗೆದ ಹಾಗೆ ರೂಟರ್‌ನಲ್ಲೂ ತೆಗೆಯಬಹುದು. ವೈಫೈಗೆ ಸೇರಿದ ಫೋನ್ ಅಥವಾ ಕಂಪ್ಯೂಟರಿನ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ಹಾಕಿ. ನಿಮ್ಮದು ಯಾವುದೆಂಬುದು ರೂಟರ್‌ನ ಅಡಿಯ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಒಳಗೆ ‘ಕನೆಕ್ಟೆಡ್ ಡಿವೈಸಸ್’ ಎಂಬಂಥ ಪುಟದಲ್ಲಿ ಸೇರಿಕೊಂಡ ಸಾಧನಗಳ ಪಟ್ಟಿ ಸಿಗುತ್ತದೆ. ಒಂದೊಂದನ್ನೂ ಗುರುತಿಸಿ ಪುಸ್ತಕದಲ್ಲಿ ಬರೆದುಕೊಳ್ಳಿ. ಯಾರದ್ದೆಂದು ತಿಳಿಯದ್ದು ಇದ್ದೇ ಇರುತ್ತದೆ.

ಅಂಥದ್ದನ್ನು ಮ್ಯಾಕ್ ವಿಳಾಸ (ಪ್ರತಿ ಸಾಧನದ ಗುರುತಿನ ಸಂಖ್ಯೆ) ಹಿಡಿದು ಬ್ಲಾಕ್ ಮಾಡಿಬಿಡೋಣ ಅನ್ನಿಸುತ್ತದೆ. ಈಗ ಅದು ಅಷ್ಟು ನೆಚ್ಚುವ ಉಪಾಯವಲ್ಲ. ಆಂಡ್ರಾಯ್ಡ್ 10 ಮತ್ತು ಐಫೋನಿನ ಐಒಎಸ್ 14 ಬಂದಾಗಿನಿಂದ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ಮರೆಮಾಚಿ ಬೇರೊಂದನ್ನು ತೋರಿಸುತ್ತವೆ, ಬೇಕೆಂದವರು ಅದನ್ನು ಬದಲಿಸಲೂಬಹುದು. ಪಾಸ್‌ವರ್ಡ್ ಬದಲಿಸುವುದೇ ಸರಿಯಾದ ದಾರಿ.

ಹೇಗೂ ಒಳಗೆ ಹೋಗಿದ್ದೀರಲ್ಲ, ರೂಟರ್‌ನ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಗುಂಡಿ ಅಥವಾ ಪಿನ್ ಮೂಲಕ ವೈಫೈಗೆ ಸೇರಿಸುವ ಸೌಲಭ್ಯ) ಆಫ್ ಮಾಡಿ. ಕ್ಯಾಮೆರಾಗಳ ಪಾಸ್‌ವರ್ಡನ್ನೂ ಬಿಡಬೇಡಿ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಕಂಪನಿ ಕೊಟ್ಟ ಪಾಸ್‌ವರ್ಡ್ ಹಾಗೇ ಉಳಿದಿದ್ದರಿಂದ.

ಅತಿಥಿಗಳಿಗೆ ಬೇರೆ ಬಾಗಿಲು

ಸೆಟ್ಟಿಂಗ್‌ನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಆನ್ ಮಾಡಿ, ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಅದರಲ್ಲಿ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ. ನಿಮ್ಮ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ ಕಾಣುವುದಿಲ್ಲ. ‘ಐಸೊಲೇಷನ್’ ಎಂಬ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ, ಒಬ್ಬ ಅತಿಥಿಯ ಫೋನ್ ಇನ್ನೊಬ್ಬರದ್ದಕ್ಕೆ ಕಾಣದಂತಾಗುತ್ತದೆ. ವೇಗಕ್ಕೆ ಮಿತಿ ಹಾಕುವ ಸೌಲಭ್ಯವಿದ್ದರೆ ಧಾರಾಳವಾಗಿ ಬಳಸಿ. ಮಳೆ ನೋಡಲು ಬಂದವರು ರೂಮಿನಲ್ಲಿ ಕೂತು ಸಿನಿಮಾ ನೋಡುತ್ತಿರುವಾಗ ನಿಮ್ಮ ಬ್ಯಾಂಕಿನ ಪುಟ ತೆರೆಯದೆ ಇರಬಾರದು. ಗೋಡೆಗೆ ಅಂಟಿಸುವುದು ಈ ಗೆಸ್ಟ್ ಪಾಸ್‌ವರ್ಡ್ ಮಾತ್ರ. ಸೀಸನ್ ಮುಗಿದಾಗ ಅದನ್ನೂ ಬದಲಿಸಿ.

ಮನೆಯ ವೈಫೈಗೆ ಡಬ್ಲ್ಯುಪಿಎ3 ಅಥವಾ ಡಬ್ಲ್ಯುಪಿಎ2 ಭದ್ರತೆ ಇರಲಿ. ಹಳೆಯ ಪ್ರಿಂಟರ್, ಕ್ಯಾಮೆರಾಗಳು ಬರೀ ಡಬ್ಲ್ಯುಪಿಎ3ಗೆ ಸೇರುವುದಿಲ್ಲ. ಎರಡೂ ಸೇರಿದ ಆಯ್ಕೆ ಇಟ್ಟುಕೊಳ್ಳಿ.

ಬಂಗಲೆಯಿಂದ ಗೋದಾಮಿನವರೆಗೆ

ನಮ್ಮ ಕಡೆ ನಿಜವಾದ ತಲೆನೋವು ಇದೇ. ಬಂಗಲೆ ಒಂದು ಗುಡ್ಡದಲ್ಲಿ, ಕಣ ಮತ್ತು ಗೋದಾಮು ಕೆಳಗೆ, ಕಾಟೇಜು ಇನ್ನೊಂದು ಕಡೆ. ರೂಟರ್ ಎಷ್ಟೇ ದೊಡ್ಡದಿರಲಿ, ಕಾಫಿ ಗಿಡ, ಸಿಲ್ವರ್ ಓಕ್, ಮಳೆಯಲ್ಲಿ ತೊಯ್ದ ಎಲೆಗಳನ್ನು ದಾಟಿ ಅದರ ಸಿಗ್ನಲ್ ಅಷ್ಟು ದೂರ ಹೋಗದು. ಕಟ್ಟಡದಿಂದ ಕಟ್ಟಡಕ್ಕೆ ಸಂಪರ್ಕ ಎಳೆಯಲೇಬೇಕು.

ಸಾಮಾನ್ಯ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಸಾಕು. ಆದರೆ ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಎಳೆಯುವುದು ನನಗೆ ಇಷ್ಟವಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಹೊಡೆದರೂ ಆ ತಂತಿಯ ಮೂಲಕ ಎರಡೂ ಕಡೆಯ ಸಾಧನಗಳು ಸುಟ್ಟುಹೋಗಬಹುದು. ಫೈಬರ್ ಗಾಜಿನದ್ದು, ವಿದ್ಯುತ್ ಹರಿಸುವುದಿಲ್ಲ. ಒಳಗೆ ಲೋಹದ ತಂತಿ ಇಲ್ಲದ ಫೈಬರ್ ಕೇಳಿ ತಂದು, ಎರಡೂ ತುದಿಗೆ ಫೈಬರ್‌ನ ಬೆಳಕನ್ನು ಸಾಮಾನ್ಯ ಕೇಬಲ್‌ಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿದರೆ ದೂರದ ಚಿಂತೆಯೂ ಇಲ್ಲ.

ನಡುವೆ ಕಣಿವೆಯಿದ್ದು ಕೇಬಲ್ ಎಳೆಯುವುದು ಕಷ್ಟವಾದರೆ 5 ಗಿಗಾಹರ್ಟ್ಸ್‌ನ ವೈರ್‌ಲೆಸ್ ಬ್ರಿಡ್ಜ್ ಜೋಡಿ (ಎದುರುಬದುರು ನಿಲ್ಲಿಸಿ ತಂತಿಯಿಲ್ಲದೆ ಸಂಪರ್ಕ ಕೊಡುವ ಎರಡು ಸಾಧನ) ಹಾಕಬಹುದು. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಣ್ಣಿಗೆ ಕಾಣಬೇಕು, ಅದೇ ಷರತ್ತು. ಮರ ಕಪಾತು ಆದ ಮೇಲೆ ಹಾಕಿಸಿದ ಬ್ರಿಡ್ಜ್ ಚಿಗುರು ಬಂದು ಕೊಂಬೆ ಬೆಳೆದಂತೆ ಸೊರಗುತ್ತದೆ. ಮರ ಹಸಿರಾಗಿರುವಾಗಲೇ ಜಾಗ ನೋಡಿ, ಕಂಬ ಸ್ವಲ್ಪ ಎತ್ತರಕ್ಕೇ ನಿಲ್ಲಿಸಿ.

ಆ ತುದಿಯಲ್ಲಿ ಹಳೆಯ ರೂಟರ್ ಬಳಸುವವರು ಇದನ್ನು ಗಮನಿಸಬೇಕು. ಅದರ ವ್ಯಾನ್ ಪೋರ್ಟ್‌ಗೆ (ಇಂಟರ್ನೆಟ್ ಒಳಬರುವ ಕಿಂಡಿ) ಸುಮ್ಮನೆ ಕೇಬಲ್ ಚುಚ್ಚಿದರೆ ಅದು ತನ್ನದೇ ಬೇರೆ ಜಾಲ ಕಟ್ಟಿಕೊಳ್ಳುತ್ತದೆ. ಆಮೇಲೆ ಬಂಗಲೆಯಲ್ಲಿ ಕೂತು ಗೋದಾಮಿನ ಕ್ಯಾಮೆರಾ ರೆಕಾರ್ಡರ್ ತೆರೆಯಲು ಆಗುವುದಿಲ್ಲ. ಅದನ್ನು ಮುಖ್ಯ ರೂಟರ್‌ನ ಜಾಲವನ್ನೇ ಮುಂದುವರಿಸುವ ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಬದಲಿಸಿ. ಆ ಆಯ್ಕೆ ಇಲ್ಲವೆಂದರೆ ಮೂರು ಕೆಲಸ: ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ವಿಳಾಸವನ್ನು ಮುಖ್ಯ ರೂಟರ್‌ಗಿಂತ ಬೇರೆಯಾಗಿ, ಉದಾಹರಣೆಗೆ 192.168.1.2 ಎಂದು ಇಡಿ, ಕೇಬಲನ್ನು ಲ್ಯಾನ್ ಪೋರ್ಟ್‌ಗೆ (ಮನೆಯ ಸಾಧನಗಳನ್ನು ಸೇರಿಸುವ ಕಿಂಡಿ) ಹಾಕಿ. ವಿಳಾಸ ಹಂಚುವ ಅಧಿಕಾರ ಒಂದೇ ರೂಟರ್‌ಗೆ ಇರಬೇಕು, ಇಲ್ಲದಿದ್ದರೆ ಒಂದು ಫೋನಿಗೆ ನೆಟ್ ಬಂದರೆ ಇನ್ನೊಂದಕ್ಕೆ ಬಾರದು. ಎಲ್ಲ ಕಡೆ ವೈಫೈ ಹೆಸರು, ಪಾಸ್‌ವರ್ಡ್ ಒಂದೇ ಇಟ್ಟು, 2.4 ಗಿಗಾಹರ್ಟ್ಸ್‌ನ ಚಾನೆಲ್ ಮಾತ್ರ 1, 6, 11 ಎಂದು ಬೇರೆ ಬೇರೆ ಮಾಡಿ.

ಇಲ್ಲೊಂದು ತೊಡಕಿದೆ. ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹೋದ ಅಗ್ಗದ ರೂಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಹೆಸರಿಗಷ್ಟೇ ಇರುತ್ತದೆ, ಅತಿಥಿಗಳು ಮನೆಯ ಜಾಲಕ್ಕೇ ಬಂದುಬಿಡುತ್ತಾರೆ. ಗೆಸ್ಟ್‌ನಲ್ಲಿ ಸೇರಿ ನಿಮ್ಮ ಪ್ರಿಂಟರ್ ಸಿಗುತ್ತದೆಯೇ ಎಂದು ಪರೀಕ್ಷಿಸಿ. ಸಿಕ್ಕಿದರೆ ಕಾಟೇಜಿಗೆ ಮೆಶ್ ಸೆಟ್ (ಒಂದೇ ಜಾಲವಾಗಿ ಕೆಲಸ ಮಾಡುವ ರೂಟರ್‌ಗಳ ಗುಂಪು) ಅಥವಾ ಒಂದೇ ಕೇಬಲಿನಲ್ಲಿ ಜಾಲಗಳನ್ನು ಬೇರೆಯಿಡುವ ವಿಲ್ಯಾನ್ ಇರುವ ಉಪಕರಣವೇ ಬೇಕು. ಹಣ ಹಾಕುವುದಾದರೆ ಇಲ್ಲಿ ಹಾಕಿ.

ಕರೆಂಟ್ ಹೋದಾಗ ಫೋನ್

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಲಾಗದು. ಸಾಮಾನ್ಯ ರೂಟರ್ ಓಡುವುದು 12 ವೋಲ್ಟ್‌ನಲ್ಲಿ. ಪುಟ್ಟ ರೂಟರ್ ಯುಪಿಎಸ್ ಸಿಗುತ್ತದೆ. ಫೈಬರ್ ಬಂದು ಸೇರುವ ಪೆಟ್ಟಿಗೆ, ಬ್ರಿಡ್ಜ್, ಕನ್ವರ್ಟರ್‌ಗಳಿಗೂ ಬ್ಯಾಕಪ್ ಬೇಕು, ಒಂದು ಆಫ್ ಆದರೂ ಸರಪಳಿ ಕಡಿಯಿತು.

ಟವರ್ ಸಿಗ್ನಲ್ ಇಲ್ಲದ ಮನೆಗಳಿಗೆ ವೈಫೈ ಕಾಲಿಂಗ್ ಇದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರುಮಾಡಿದವು. ಫೋನಿನ ಸಿಮ್ ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಅದೇ ನಂಬರಿಗೆ ಬರುವ ಕರೆ ಬ್ರಾಡ್‌ಬ್ಯಾಂಡ್ ಮೂಲಕ ಬರುತ್ತದೆ; ಬೇರೆ ಆ್ಯಪ್ ಬೇಡ.

ಕೆಲಸ ಬಿಟ್ಟವರು, ಕಳೆದ ಫೋನ್

ಮ್ಯಾನೇಜರ್ ಕೆಲಸ ಬಿಟ್ಟು ಹೋದ ದಿನವೇ ಮನೆಯ ವೈಫೈ ಪಾಸ್‌ವರ್ಡ್ ಬದಲಿಸಿ. ಬುಕಿಂಗ್ ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಅವರ ಸಾಧನವನ್ನು ಲಾಗ್‌ಔಟ್ ಮಾಡಿ. ಕ್ಯಾಮೆರಾ ಆ್ಯಪ್‌ನ ಮುಖ್ಯ ಪಾಸ್‌ವರ್ಡ್ ಯಾರಿಗೂ ಕೊಡದೆ ‘ಶೇರ್’ ಮಾಡಿದ್ದರೆ ಅದನ್ನು ಒಂದೇ ಒತ್ತಿಗೆ ಹಿಂಪಡೆಯಬಹುದು.

ಫೋನೇ ಕಳೆದರೆ ಪೊಲೀಸ್ ದೂರಿನ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬ್ಲಾಕ್ ಮಾಡಿಸಿ. ಆ ಸಂಖ್ಯೆ ಬೇಕಾದರೆ ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ನೋಡಿ, ಹಾಜರಿ ಪುಸ್ತಕದಲ್ಲಿ ಬರೆದಿಡಿ. ಫೋನ್ ಮರಳಿ ಸಿಕ್ಕಿದರೆ ಅಲ್ಲಿಯೇ ಅನ್‌ಬ್ಲಾಕ್ ಮಾಡಿಸಬಹುದು.