ಚಂದ್ರಿಯೂ ಓಡಲಿ, ಮೊಲವೂ ಬದುಕಲಿ

ಮುಧೋಳ ನಾಯಿ ಸಾಕಿದವರನ್ನು ಜನ ಮೊದಲು ಕೇಳುವುದು, "ಕಚ್ಚುತ್ತಾ?" ಅಂತ. ನಮ್ಮ ಚಂದ್ರಿ ಮನೆಗೆ ಬಂದವರನ್ನು ನೋಡಿ ಒಂದು ಸಲವೂ ಗುರುಗುಟ್ಟಿಲ್ಲ. ಮಕ್ಕಳು ಕಿವಿ ಎಳೆದರೆ ಎದ್ದು ಬೇರೆ ಕಡೆ ಹೋಗಿ ಮಲಗುತ್ತಾಳೆ. ಆದರೆ ಜೋಳ ಕೊಯ್ದ ಹೊಲದಲ್ಲಿ ಮೊಲವೊಂದು ಎದ್ದಿತು ಅಂದರೆ, ನಾನು ಎಷ್ಟು ಕೂಗಿದರೂ ಅವಳ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಈ ನಾಯಿ ತರಬೇಕು ಅಂತಿರುವವರು ಕೇಳಬೇಕಾದ್ದು, ಓಡುವ ಪ್ರಾಣಿ ಕಂಡರೆ ಇದು ಏನು ಮಾಡುತ್ತೆ ಅಂತ.

ನಮ್ಮ ಮನೆ ಧಾರವಾಡದ ಅಂಚಿನಲ್ಲಿದೆ, ಹಿಂದೆಯೇ ಹೊಲ. ಚಂದ್ರಿ ಮರಿಯಾಗಿ ಬಂದದ್ದು ಬಾಗಲಕೋಟೆ ಜಿಲ್ಲೆಯ ಮುಧೋಳ ಕಡೆಯಿಂದಲೇ. ಆ ತಾಲೂಕಿನಲ್ಲಿ ಈ ನಾಯಿ ಸಾಕಿ ಮರಿ ಮಾರುವ ಮನೆಗಳು ಬಹಳ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿದರು, ಇಂಗ್ಲೆಂಡಿನ 5ನೇ ಜಾರ್ಜ್ ದೊರೆಗೂ ಕಾಣಿಕೆಯಾಗಿ ಕೊಟ್ಟರು ಎಂದು ಅಲ್ಲಿನ ಜನ ಇವತ್ತಿಗೂ ಅಭಿಮಾನದಿಂದ ಹೇಳುತ್ತಾರೆ. ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಆಮೇಲೆ ಸೇನೆಯೂ ಮರಿಗಳನ್ನು ತರಬೇತಿಗೆ ಒಯ್ದಿತು. ಇದನ್ನೆಲ್ಲ ಕೇಳಿ ಹಿಗ್ಗುವ ನಮ್ಮ ಜನವೇ, ನಾಯಿ ಬೆಕ್ಕಿನ ಹಿಂದೆ ಜಿಗಿದರೆ "ಟ್ರೇನಿಂಗ್ ಕೊಡಿಸಿಲ್ವಾ?" ಅನ್ನುತ್ತಾರೆ. ಎರಡಕ್ಕೂ ಮೂಲ ಒಂದೇ ಗುಣ ಅನ್ನುವುದು ಅವರಿಗೆ ಹೊಳೆಯುವುದಿಲ್ಲ.

ಆ ಗುಣ ಮೈಯಲ್ಲೇ ಕಾಣುತ್ತದೆ. ಉದ್ದ ಸಪೂರ ತಲೆ, ಆಳವಾದ ಎದೆಗೂಡು, ಒಳಕ್ಕೆ ಸೇರಿದ ಹೊಟ್ಟೆ, ಬಿಲ್ಲಿನಂತೆ ಬಾಗುವ ಬೆನ್ನು. ಪೂರ್ತಿ ವೇಗದಲ್ಲಿ ಓಡುವಾಗ ಒಂದೊಂದು ದಾಪಿಗೆ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ತಲೆ ಹೊರಳಿಸದೆ ನಮ್ಮ ಕಣ್ಣಿಗೆ ಸುತ್ತಲಿನ ಸುಮಾರು 180 ಡಿಗ್ರಿ ಕಂಡರೆ ನಾಯಿಗಳಿಗೆ ಸಾಮಾನ್ಯವಾಗಿ 240ರಷ್ಟು ಕಾಣುತ್ತದೆ. ಇಂಥ ಉದ್ದ ಮೂತಿಯವಕ್ಕೆ ಇನ್ನೂ ಜಾಸ್ತಿ. ಬೀಗಲ್ ತಳಿಯ ನಾಯಿ ಬೇಟೆಯನ್ನು ಮೂಗಿನಿಂದ ಹುಡುಕುತ್ತದೆ. ಮುಧೋಳಕ್ಕೆ ಕಣ್ಣೇ ಎಲ್ಲ. ಕದಲದೆ ಕೂತ ಓತಿಕ್ಯಾತವನ್ನು ಚಂದ್ರಿ ಪಕ್ಕದಲ್ಲೇ ದಾಟಿ ಹೋಗುತ್ತಾಳೆ. ಅದು ಬಾಲ ಅಲ್ಲಾಡಿಸಿದರೆ ಮುಗಿಯಿತು.

ನನಗೆ ಬಹಳ ಸಹಾಯವಾದದ್ದು ಅಮೆರಿಕದ ಜೀವಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ವಿವರಿಸಿದ ಒಂದು ವಿಚಾರ. ಬೇಟೆ ಎನ್ನುವುದು ಒಂದೇ ಕೆಲಸವಲ್ಲ, ಒಂದಕ್ಕೊಂದು ಕೊಂಡಿ ಹಾಕಿದ ಹಲವು ಕೆಲಸಗಳು. ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸೀಳುವುದು, ತಿನ್ನುವುದು. ತೋಳದಲ್ಲಿ ಎಲ್ಲವೂ ಇವೆ. ನಾಯಿಗಳಲ್ಲಿ ಮನುಷ್ಯ ತನಗೆ ಬೇಕಾದ ಕೊಂಡಿಯನ್ನು ಬಲಪಡಿಸಿ, ಬೇಡದ್ದನ್ನು ಸಡಿಲಿಸುತ್ತಾ ಬಂದ. ಬಾರ್ಡರ್ ಕಾಲಿ ಕುರಿಗಳನ್ನು ದಿಟ್ಟಿಸುತ್ತದೆ, ಅಟ್ಟುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಲ್ಯಾಬ್ರಡಾರ್‌ಗೆ ಹಿಡಿದು ತರುವ ಹುಚ್ಚು, ಬಾಯಿ ಮಾತ್ರ ಮೆತ್ತಗೆ. ಮುಧೋಳದಲ್ಲಿ ಅಟ್ಟುವುದು, ಹಿಡಿಯುವುದು ಎರಡೂ ಗಟ್ಟಿ. ಇದನ್ನು ತಿಳಿದುಕೊಂಡ ಮೇಲೆ ನನ್ನ ಗುರಿ ಬದಲಾಯಿತು. ಅಟ್ಟುವ ಆಸೆಯನ್ನೇ ಕಿತ್ತುಹಾಕುವುದು ಆಗದ ಮಾತು. ಅದನ್ನು ಯಾವ ಕೊಂಡಿಯಲ್ಲಿ ತಡೆಯಬೇಕು, ಯಾವುದಕ್ಕೆ ದಾರಿ ಬಿಡಬೇಕು ಅನ್ನುವುದಷ್ಟೇ ನನ್ನ ಕೈಯಲ್ಲಿದೆ.

ತಡೆಯಬೇಕಾದ್ದು ದಿಟ್ಟಿಸುವ ಹಂತದಲ್ಲೇ. ಇದು ಕೆಲವು ಕ್ಷಣದ ಆಟ. ಚಂದ್ರಿ ನಾಲಿಗೆ ಚಾಚಿಕೊಂಡು ಆರಾಮಾಗಿ ನಡೆಯುತ್ತಿರುತ್ತಾಳೆ. ಏನೋ ಕಂಡಿತೆಂದರೆ ಮೊದಲು ಬಾಯಿ ಮುಚ್ಚುತ್ತದೆ. ಏದುಸಿರು ಗಪ್ಪನೆ ನಿಲ್ಲುತ್ತದೆ. ಕಿವಿಗಳ ಬುಡ ಎತ್ತರವಾಗುತ್ತದೆ, ಒಂದು ಮುಂಗಾಲು ಅರ್ಧಕ್ಕೆ ಮೇಲೆದ್ದು ಅಲ್ಲೇ ನಿಲ್ಲುತ್ತದೆ. ಆಮೇಲೆ ಭಾರವೆಲ್ಲ ಹಿಂಗಾಲಿಗೆ ಜಾರುತ್ತದೆ. ಬಾಯಿ ಮುಚ್ಚಿದ ಗಳಿಗೆಯಿಂದ ಭಾರ ಹಿಂದಕ್ಕೆ ಜಾರುವವರೆಗೆ ಮಾತ್ರ ನನ್ನ ಮಾತು ನಡೆಯುತ್ತದೆ. ಹೊರಗೆ ಹೊರಟಾಗ ಮೊಬೈಲ್ ಜೇಬಿನಲ್ಲೇ ಇರಬೇಕು, ಕಣ್ಣು ನಾಯಿಯ ಬಾಯಿಯ ಮೇಲಿರಬೇಕು. ಬಾಯಿ ಮುಚ್ಚಿದ ಕೂಡಲೇ ಸಣ್ಣಗೆ ಒಂದು ಸಿಳ್ಳೆ. ತಿರುಗಿ ನೋಡಿದರೆ ಬೇಯಿಸಿದ ಕೋಳಿ ಲಿವರ್ ಚೂರು. ಇದನ್ನು ಮೊದಲು ಅಂಗಳದಲ್ಲಿ ಕಲಿಸಿ, ಆಮೇಲೆ ದೂರದಲ್ಲಿ ಮೇಯುವ ಕೊಕ್ಕರೆಗಳ ಎದುರು, ಕೊನೆಗೆ ಕೋಳಿಗಳ ಎದುರು ಮಾಡಿಸಿದೆ. ತಿಂಗಳುಗಟ್ಟಲೆ ಹಿಡಿಯಿತು. ಈಗಲೂ ಮೊಲದ ವಿಷಯಕ್ಕೆ ನಾನು ಸಿಳ್ಳೆಯನ್ನು ನಂಬುವುದಿಲ್ಲ, ಹಗ್ಗವನ್ನು ನಂಬುತ್ತೇನೆ.

ಹಗ್ಗ ಅಂದರೆ 10 ಮೀಟರಿನ ಉದ್ದನೆ ದಾರ. ಅದನ್ನು ಎದೆಪಟ್ಟಿಗೇ ಕಟ್ಟುತ್ತೇನೆ. ಈ ನಾಯಿಯ ಕತ್ತು ತಲೆಗಿಂತ ದಪ್ಪ ಇರುವುದರಿಂದ ಸಾಮಾನ್ಯ ಕಾಲರ್ ಹಿಂದಕ್ಕೆ ಜಗ್ಗಿದರೆ ಸಲೀಸಾಗಿ ಕಳಚಿಕೊಳ್ಳುತ್ತದೆ. ಅಲ್ಲದೆ ವೇಗದಲ್ಲಿ ಓಡಿ ಹಗ್ಗದ ತುದಿ ಮುಟ್ಟಿದಾಗ ಆ ಪೆಟ್ಟು ಕತ್ತಿಗೆ ಬೀಳಬಾರದು. ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋಗುತ್ತದೆ.

ಇನ್ನು ದಾರಿ ಬಿಡುವ ಮಾತು. ಬಿದಿರಿನ ಗಳಕ್ಕೆ ಹಗ್ಗ ಕಟ್ಟಿ, ತುದಿಗೆ ಗೋಣಿಚೀಲದ ಚೂರು ಕಟ್ಟಿದ್ದೇನೆ. ಸಂಜೆ ಬಿಸಿಲಿಳಿದ ಮೇಲೆ ಬೇಲಿಯೊಳಗಿನ ಮೆತ್ತನೆ ಮಣ್ಣಿನಲ್ಲಿ ಅದನ್ನು ನೆಲಕ್ಕೆ ಹತ್ತಿಸಿಕೊಂಡೇ ಎಳೆದಾಡಿಸುತ್ತೇನೆ. ಮೇಲೆ ಎತ್ತಿ ಹಾರಿಸಿದರೆ ಕೀಲಿಗೆ ತೊಂದರೆ. ಚಂದ್ರಿ ಅಟ್ಟುತ್ತಾಳೆ, ತಿರುಗುತ್ತಾಳೆ, ಕೊನೆಗೆ ಹಿಡಿಯುತ್ತಾಳೆ. ಹಿಡಿಯಲು ಬಿಡಲೇಬೇಕು. ಹಿಡಿದ ಮೇಲೆ ಒಂದಿಷ್ಟು ಜಗ್ಗಾಡಲು ಬಿಟ್ಟು, ಆಮೇಲೆ ಹುಲ್ಲಿನಲ್ಲಿ ತಿಂಡಿ ಚೂರು ಚೆಲ್ಲುತ್ತೇನೆ. ಅಟ್ಟುವುದು, ಹಿಡಿಯುವುದು, ತಿನ್ನುವುದು, ಸರಪಳಿ ಪೂರ್ತಿಯಾಯಿತು ಅಲ್ವಾ? ಆ ದಿನ ರಾತ್ರಿ ಅವಳು ಕಾಲು ಚಾಚಿ ಮಲಗುವ ರೀತಿಯೇ ಬೇರೆ. ಮಳೆಗಾಲದಲ್ಲಿ ವಾರಗಟ್ಟಲೆ ಈ ಆಟ ತಪ್ಪಿದರೆ ಬೀದಿಯ ಪ್ರತಿ ಸೈಕಲ್ಲಿಗೂ ಬಾಯಿ ಮುಚ್ಚತೊಡಗುತ್ತದೆ.

"ಅಕ್ಕಾರ, ಹೊಟ್ಟಿ ತುಂಬ ಹಾಕ್ತೀರಿಲ್ಲೋ? ಮತ್ಯಾಕ ಹಂಗ ಓಡತೈತಿ?" ಅಂತ ಹಾಲು ಹಾಕುವ ಅಜ್ಜ ಆಗಾಗ ಕೇಳುತ್ತಾರೆ. ಹಸಿವಿಗೂ ಇದಕ್ಕೂ ಹೆಚ್ಚು ಸಂಬಂಧವಿಲ್ಲ. ಅಟ್ಟುವುದೇ ನಾಯಿಗೆ ಸುಖ. ಸಿಟ್ಟಿಗೂ ಸಂಬಂಧವಿಲ್ಲ. ಬೇಟೆಗೆ ನಿಂತ ಚಂದ್ರಿ ಬೊಗಳುವುದಿಲ್ಲ, ಗುರುಗುಟ್ಟುವುದಿಲ್ಲ. ಅಟ್ಟಿಕೊಂಡು ಹೋದ ನಾಯಿಗೆ ಆಮೇಲೆ ಬಂದಾಗ ಹೊಡೆದರೆ, ವಾಪಸ್ ಬಂದದ್ದಕ್ಕೇ ಹೊಡೆದರು ಅಂತ ಅದು ತಿಳಿಯುತ್ತದೆ, ಅಷ್ಟೇ.

ಮನಸ್ಸಿನ ಮಾತು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಒಂದು ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಚಂದ್ರಿ ಒಂದು ಹೆಗ್ಗಣ ಹಿಡಿದಳು. ಹಿಡಿದಳು, ತಲೆಯನ್ನು ಎಡಕ್ಕೂ ಬಲಕ್ಕೂ ಒಂದೇ ಸಲ ಝಾಡಿಸಿದಳು, ಕೆಳಗಿಟ್ಟಳು. ಒಂದು ಹನಿ ರಕ್ತವಿಲ್ಲ. ಅಕ್ಕಪಕ್ಕದವರೆಲ್ಲ ಬಂದು ಭೇಷ್ ಅಂದರು. ಒಬ್ಬರು ಮನೆಯಿಂದ ರೊಟ್ಟಿ ತಂದು ಹಾಕಿದರು. ಅದಾದ ಸ್ವಲ್ಪ ದಿನಕ್ಕೆ ಅದೇ ಮನೆಯ ಬೆಕ್ಕು ಕಾಂಪೌಂಡ್ ಗೋಡೆ ಮೇಲೆ ನಡೆದು ಬಂತು. ಚಂದ್ರಿ ಜಿಗಿದಳು, ಬೆಕ್ಕು ಮಾವಿನ ಮರ ಹತ್ತಿ ಉಳಿಯಿತು. ಸಂಜೆ ಅವರು ನನ್ನ ಜೊತೆ ಮಾತಾಡಲಿಲ್ಲ. ಎರಡೂ ದಿನ ಚಂದ್ರಿ ಮಾಡಿದ್ದು ಒಂದೇ ಕೆಲಸ. ಒಂದಕ್ಕೆ ರೊಟ್ಟಿ, ಇನ್ನೊಂದಕ್ಕೆ ಮುನಿಸು ಕೊಟ್ಟವರು ನಾವು. ಆ ಬೆಕ್ಕು ಸಿಕ್ಕಿದ್ದರೆ ನನಗೂ ಅನ್ನ ಸೇರುತ್ತಿರಲಿಲ್ಲ. ಹಾಗೇ ಅವಳು ಹೊಲದಲ್ಲಿ ಓಡುವುದನ್ನು ನೋಡಿದಾಗ ಎದೆ ತುಂಬಿ ಬರುತ್ತದೆ, ಅದೂ ನಿಜ. ಎರಡರಲ್ಲಿ ಒಂದನ್ನು ಬಿಟ್ಟುಕೊಡಲು ನನಗೆ ಇಷ್ಟವಿಲ್ಲ.

ಮೊಲದ ಬಗ್ಗೆ ಮಾತ್ರ ನನ್ನಲ್ಲಿ ದ್ವಂದ್ವವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಪ್ರಾಣಿಯನ್ನು ಬೆನ್ನಟ್ಟುವುದು, ಅಂಥ ಪ್ರಯತ್ನ ಮಾಡುವುದು, ಎಲ್ಲವೂ ಬೇಟೆಯೇ. ನಾಯಿ ಬಿಟ್ಟು ಮೊಲ ಹಿಡಿಸಿ ವಿಡಿಯೋ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಳಿಯ ಗುಣ ಉಳಿಸಲು ಬೇಟೆ ಆಡಿಸಲೇಬೇಕು ಅನ್ನುವವರೂ ಇದ್ದಾರೆ. ಗೋಣಿಚೂರಿನ ಹಿಂದೆ ಓಡುವ ನಮ್ಮ ಚಂದ್ರಿಯಲ್ಲಿ ಆ ಗುಣ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಬೆಕ್ಕಿನ ಮನೆಯವರ ಜೊತೆ ಕೂತು ಮಾತಾಡಿದೆವು. ಹಿತ್ತಲ ಬೇಲಿಯನ್ನು 7 ಅಡಿಗೆ ಏರಿಸಿ, ಗೋಡೆ ಮೇಲೆ ಬೆಕ್ಕು ನಡೆಯದಂತೆ ಜಾಲರಿ ಹಾಕಿಸಿದೆ. ಬೀದಿಯಲ್ಲಿ ಹೋಗುವಾಗ ಚಂದ್ರಿಯ ಮೂತಿಗೆ, ಎತ್ತಿಗೆ ಕಟ್ಟುವ ಕುಕ್ಕೆಯ ತರಹದ್ದೇ ಒಂದು ಬಾಯಿಬುಟ್ಟಿ. ಅದರೊಳಗೇ ತಿಂಡಿ ಹಾಕಿ ಅಭ್ಯಾಸ ಮಾಡಿಸಿದ್ದರಿಂದ ತಾನಾಗಿಯೇ ಮೂತಿ ತೂರಿಸುತ್ತಾಳೆ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಜಾಗ ಇರುವಂಥದ್ದನ್ನೇ ಕೊಳ್ಳಬೇಕು. ಬೆಳಿಗ್ಗೆ 6ರಿಂದ 7ರವರೆಗೆ ನಮ್ಮ ವಾಕಿಂಗ್, ಆ ಹೊತ್ತಿಗೆ ಅವರು ಬೆಕ್ಕನ್ನು ಒಳಗೆ ಇಟ್ಟುಕೊಳ್ಳುತ್ತಾರೆ. 7ಕ್ಕೆ ನಾನು ಗೇಟು ಹಾಕಿ ಅವರಿಗೊಂದು ಕೂಗು ಹಾಕುತ್ತೇನೆ, ಅವರು ಬಾಗಿಲು ತೆಗೆಯುತ್ತಾರೆ.